ಕಾಳ್ಯಾನ ಅಂಗಾಲು

ಹೋದ ವಾರ ನಾರಾಯಣಖೇಡದ ನಮ್ಮ ಪಶು ದವಾಖಾನೆಯಲ್ಲಿ ಜೇನುಮೇಣ ಕರಗಿಸುತ್ತಿದ್ದೆ. ಚಳಿ ಶುರುವಾದ ಕೂಡಲೇ ನಾಯಿ ಸಾಕಿದವರು ಬರತೊಡಗುತ್ತಾರೆ. ಅಂಗಾಲು ಒಡೆದಿದೆ, ಬೆರಳ ಸಂದಿ ಕೆಂಪಾಗಿದೆ, ನೆಲಕ್ಕೆ ಕಾಲೂರಲು ಒಲ್ಲದು. ಒಂದು ಪಾಲು ಮೇಣ, ಮೂರು ಪಾಲು ಕೊಬ್ಬರಿ ಎಣ್ಣೆ ಕೂಡಿಸಿ ಮುಲಾಮು ಮಾಡಿ ಕೊಡುತ್ತೇನೆ. ಎಣ್ಣೆ ಬಿಸಿಯಾಗಿ ವಾಸನೆ ಎದ್ದಾಗ ಎದುರಿಗೆ ಕೂತ ಹೆಣ್ಣುಮಗಳು ತೊಡೆಯ ಮೇಲಿನ ಬಿಳಿ ನಾಯಿಯ ಬಗ್ಗೆ ಏನೋ ಹೇಳುತ್ತಿದ್ದಳು. ನನಗೆ ಅರ್ಧವೂ ಕೇಳಲಿಲ್ಲ.

"ಕಾಲು ಯಾವ ನೀರಿನಾಗ ತೊಳೀತೀರಿ?" ಎಂದು ಕೇಳಿದೆ.

"ನಳದ ನೀರಿನಾಗ ಮೇಡಂ."

"ಖರೇ ನಳದ ನೀರೇನ್ರಿ?"

ಆಕೆ ನನ್ನ ಮುಖ ನೋಡಿದಳು. ಇಂಥ ಪ್ರಶ್ನೆಯನ್ನು ಎರಡೆರಡು ಸಲ ಕೇಳುವ ಡಾಕ್ಟರನ್ನು ಆಕೆ ಕಂಡಿರಲಿಕ್ಕಿಲ್ಲ. ಆದರೆ ಮೇಣ ಮತ್ತು ಎಣ್ಣೆಯ ಆ ವಾಸನೆ ಮೂಗಿಗೆ ಬಡಿದರೆ ನಾನು ತಾಂಡೂರಿನ ಕಡೆ ಕಳೆದ ಒಂದೇ ಒಂದು ಚಳಿಗಾಲಕ್ಕೆ ಹೋಗಿ ನಿಲ್ಲುತ್ತೇನೆ.

ಅದು ನನ್ನ ಮೊದಲ ನೌಕರಿ. ಜಹೀರಾಬಾದಿನಲ್ಲಿ ಅವ್ವನನ್ನು ಬಿಟ್ಟು ತಾಂಡೂರಿಗೆ ಬಂದು ಒಂದು ಖೋಲಿ ಹಿಡಿದಿದ್ದೆ. ದವಾಖಾನೆ ಇದ್ದದ್ದು ಕೊಡಂಗಲ್ ಕಡೆಗೆ, ಸ್ಕೂಟಿಯ ಮೇಲೆ ಅರ್ಧ ತಾಸು ಹೋದರೆ ಸಿಗುವ ಒಂದು ಹಳ್ಳಿಯಲ್ಲಿ. ಎರಡು ಕೋಣೆ, ಮುಂದೊಂದು ಬೇವಿನ ಮರ. ಆ ಸೀಮೆಯಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಪರ್ಸಿ ಕಲ್ಲು. ಗೋಡೆಗೂ ಅದೇ, ಚಾವಣಿಗೂ ಅದೇ, ಹೊಲದ ಬೇಲಿಗೂ ನಿಲ್ಲಿಸಿಟ್ಟ ಅದೇ ಹಾಸುಗಲ್ಲು. ಕಲ್ಲು ತೆಗೆದು ಬಿಟ್ಟುಹೋದ ಹಳೆಯ ಖಣಿಗಳು ಊರಿನಾಚೆ ಒಂದರ ಪಕ್ಕ ಒಂದು ಬಾಯಿ ತೆರೆದು ಬಿದ್ದಿದ್ದವು. ಮಳೆನೀರು ತುಂಬಿ ಕೆಲವು ಕೆರೆಯಷ್ಟಾಗಿದ್ದರೆ, ಕೆಲವು ಸೊಂಟಮಟ್ಟದ ಗುಂಡಿಗಳು. ಅವುಗಳ ಅಂಚಿನಲ್ಲಿ ಬೇಸಿಗೆಯ ತನಕ ಹಸಿ ಹುಲ್ಲು ಸಿಗುತ್ತದೆಂದು ಕುರಿಯವರು ಅಲ್ಲೇ ಬೀಡುಬಿಡುತ್ತಿದ್ದರು.

ಆ ವರ್ಷ ಚಳಿ ಬೇಗ ಬಂತು. ದೀಪಾವಳಿ ಮುಗಿದ ಮೇಲೆ ಮುಂಜಾನೆ ಒಂಬತ್ತಾದರೂ ಮಂಜು ಕರಗುತ್ತಿರಲಿಲ್ಲ. ಸ್ಕೂಟಿಯ ದೀಪ ಹಚ್ಚಿಕೊಂಡು ಹೋಗುತ್ತಿದ್ದೆ. ಮುಂದೆ ಬರುವ ಗಾಡಿ ಹತ್ತು ಮಾರು ಹತ್ತಿರ ಬಂದಾಗಷ್ಟೇ ಕಾಣುತ್ತಿತ್ತು. ಅಂಥದೊಂದು ಮುಂಜಾನೆ ದವಾಖಾನೆಯ ಕಟ್ಟೆಯ ಮೇಲೆ ಮಾಳವ್ವ ಕೂತಿದ್ದಳು. ಐವತ್ತು ದಾಟಿದ ಕುರುಬರ ಹೆಂಗಸು. ಹೆಗಲ ಮೇಲಿನ ಕಂಬಳಿಯಲ್ಲಿ ಕೂಸಿನಂತೆ ಸುತ್ತಿ ಒಂದು ದೊಡ್ಡ ಕರಿ ನಾಯಿಯನ್ನು ಹೊತ್ತು ತಂದಿದ್ದಳು. ಪಕ್ಕದಲ್ಲಿ ಅವಳ ಗಂಡ ಬೀರಪ್ಪ, ನಾಯಿಯನ್ನು ಹೊತ್ತು ತಂದದ್ದಕ್ಕೆ ನಾಚಿಕೊಂಡವನಂತೆ, ಬೇರೆಲ್ಲೋ ನೋಡುತ್ತ ನಿಂತಿದ್ದ.

"ಅಕ್ಕಾರ, ಇವನ ಅಂಗಾಲು ನೋಡ್ರಿ. ಕಾಳ್ಯಾ ಅಂತ ಇವನ ಹೆಸರು. ನಾಕು ದಿನ ಆತು, ಹೆಜ್ಜಿ ಇಡವಲ್ಲ."

ನೋಡಿದೆ. ನಾಲ್ಕೂ ಕಾಲಿನ ಅಂಗಾಲು ಬಿರುಕು ಬಿಟ್ಟು ತೊಗಲು ಸುಲಿದಿತ್ತು. ಒಳಗಿನ ಕೆಂಪು ಮಾಂಸ ಕಾಣುತ್ತಿತ್ತು. ಒಣ ಚಳಿ, ಇಬ್ಬನಿಯ ತೇವ, ಮೇಲೆ ಕೊಯ್ದ ತೊಗರಿಯ ಚೂಪು ಕೂಳೆ. ಇನ್ನೇನು ಇರಲು ಸಾಧ್ಯ? ಕಾಲೇಜಿನಲ್ಲಿ ಓದಿದ್ದು ಇನ್ನೂ ತಲೆಯಲ್ಲಿ ಹಸಿಯಾಗಿತ್ತು. ಮುಲಾಮು ಹಚ್ಚಿ, ಪಟ್ಟಿ ಸುತ್ತಿ, ಒಂದೊಂದಾಗಿ ಹೇಳಿದೆ: ದಿನಾ ಎರಡು ಸಲ ಕಾಲು ತೊಳೆಯಬೇಕು, ಬೆರಳ ಸಂದಿಯಲ್ಲಿ ತೇವ ಉಳಿಯದಂತೆ ಒರೆಸಬೇಕು, ಮುಲಾಮು ಹಚ್ಚಬೇಕು, ಹೊರಗೆ ಬಿಡುವಾಗ ಕಾಲಿಗೆ ಏನಾದರೂ ಹೊದಿಸಬೇಕು.

"ನಾಯಿಗಿ ಚಪ್ಪಲ್ ಹಾಕಂತೀರೇನ್ರಿ?" ಬೀರಪ್ಪ ಮೊದಲ ಸಲ ಬಾಯಿಬಿಟ್ಟ.

"ಹೌದ್ರಿ. ಕಂಬಳಿ ತುಂಡು ಇದ್ರ ಸಾಕು, ನಾ ತೋರಸ್ತೀನಿ."

ಹಳೆಯ ಕಂಬಳಿಯ ಚೂರನ್ನು ಚೀಲದಂತೆ ಹೊಲಿದು, ತಳಕ್ಕೆ ಲಾರಿ ಟ್ಯೂಬಿನ ರಬ್ಬರ್ ಕೊಟ್ಟು, ಮೇಲೆ ಲಾಡಿ ಕಟ್ಟಿದೆ. ಕಾಳ್ಯಾ ಎದ್ದುನಿಂತು ಒಂದೊಂದೇ ಕಾಲು ಕೊಡವಿ, ಸೋತು, ನಮ್ಮನ್ನೆಲ್ಲ ನೋಡಿದ. ಮಾಳವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನೂ ನಕ್ಕೆ.

ಹತ್ತು ದಿನದಲ್ಲಿ ಇನ್ನೂ ಆರು ನಾಯಿಗಳು ಬಂದವು. ಎಲ್ಲಕ್ಕೂ ಅದೇ ಅಂಗಾಲು, ಅದೇ ಮುಲಾಮು, ಅದೇ ಚೀಲ. ಕಾಲಿಗೆ ಕಂಬಳಿ ಬೂಟು ಹಾಕಿದ ಕುರಿನಾಯಿಗಳ ಫೋಟೋ ತೆಗೆದು ನಮ್ಮ ಇಲಾಖೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಎಲ್ಲರೂ ಹೊಗಳಿದರು. ಅವ್ವನಿಗೆ ಫೋನ್ ಮಾಡಿ ಹೇಳಿದೆ. ಆ ದಿನಗಳಲ್ಲಿ ನನಗೆ ನನ್ನ ಬಗ್ಗೆ ಬಹಳ ಖುಷಿಯಿತ್ತು.

ಮಾಳವ್ವ ಮತ್ತೆ ಬಂದಾಗ ಕಾಳ್ಯಾನ ಅಂಗಾಲು ವಾಸಿಯಾಗಿರಲಿಲ್ಲ. ಮೊದಲಿಗಿಂತ ಕೆಟ್ಟಿತ್ತು. ಬೂಟು ಬಿಚ್ಚಿದಾಗ ಕಂಬಳಿಯ ಉಣ್ಣೆ ಬೆರಳಿಗೆ ಅಂಟಿಕೊಂಡು ಹಿಟ್ಟಿನಂತೆ ಉದುರಿತು. ಎರಡು ವಾರದ ಹಿಂದೆ ಹೊಲಿದದ್ದು. ಹಾಗೆ ಪುಡಿಯಾಗುವ ಉಣ್ಣೆಯನ್ನು ನಾನು ನೋಡಿರಲಿಲ್ಲ. ನಾಯಿಯ ನಾಲಿಗೆಯ ಮೇಲೂ ಹುಣ್ಣೆದ್ದಿದ್ದವು. ಕಾಲು ನೆಕ್ಕಿ ನೆಕ್ಕಿ ಸೋಂಕು ಬಾಯಿಗೆ ಹೋಗಿರಬೇಕು ಎಂದುಕೊಂಡೆ.

"ದಿನಾ ತೊಳೀತೀರಿಲ್ಲೋ?"

"ಎರಡು ಸಲ ತೊಳೀತೀನ್ರಿ, ನೀವು ಹೇಳಿದಂಗ. ಬೂಟೂ ತೊಳೀತೀನಿ." ಮಾಳವ್ವ ನಾಯಿಯ ಕಾಲನ್ನು ತನ್ನ ಕಡೆ ಎಳೆದುಕೊಂಡು ಮುಂದುವರಿಸಿದಳು. "ಅಕ್ಕಾರ, ಒಂದ್ ಮಾತು ಹೇಳ್ಲೇನು? ಥಂಡಿಗಿ ನಾಯಿ ಕಾಲು ಹಿಂಗ ಸುಡಂಗಿಲ್ರಿ. ಮೂವತ್ತು ವರ್ಷ ಆತು ಕುರಿ ಹಿಂದ ತಿರಗಾಕ ಹತ್ತಿ. ಇದಕಿಂತ ಭಾಳ ಥಂಡಿ ನೋಡೀನಿ."

"ಒಣ ಚಳಿ ಮಾಳವ್ವ, ಈ ವರ್ಷ ಬ್ಯಾರೆ ಥರ ಅದ," ಎಂದೆ. ನಾನು ಓದಿದವಳು. ಆಕೆ ತಲೆಯಾಡಿಸಿ, ಹೊಸ ಪಟ್ಟಿ ಕಟ್ಟಿಸಿಕೊಂಡು, ನಾಯಿಯನ್ನು ಹೆಗಲಿಗೇರಿಸಿಕೊಂಡು ಮಂಜಿನೊಳಗೆ ಹೋದಳು.

ಆಮೇಲಿನ ವಾರ ಬೀರಪ್ಪ ಒಬ್ಬನೇ ಬಂದ. ಎರಡು ಕುರಿ ದಿನ ತುಂಬುವ ಮೊದಲೇ ಕಂದು ಹಾಕಿದ್ದವು. ಇನ್ನೂ ನಾಲ್ಕು ಕುಂಟುತ್ತಿದ್ದವು. ಸೂಜಿಮದ್ದು ತುಂಬುತ್ತಿದ್ದಾಗ ಅವನು ಬೇರೇನೋ ಹೇಳಲು ಒದ್ದಾಡುತ್ತಿದ್ದ.

"ಕಾಳ್ಯಾಗ ಏನೋ ಆಗ್ಯಾದ್ರಿ. ಆ ಸಣ್ಣ ಖಣಿ ಕಡಿಗಿ ದಾರಿ ಹೊಳ್ಳತಾದಲ್ರಿ, ಅಲ್ಲಿಗಿ ಬಂದಕೂಡಲೆ ಕುಂದರ್ತಾನ. ಮುಂದಕ್ಕ ಬರವಲ್ಲ. ಕುರಿನೂ ಬಿಡವಲ್ಲ, ಅಡ್ಡ ನಿಂತು ಬೊಗಳ್ತಾನ. ನಿನ್ನಿ ಸಿಟ್ಟಿಗೆದ್ದು ಬಡಿಗಿಲೆ ಹೊಡದೆ." ಅವನ ಕಣ್ಣು ನೆಲದ ಮೇಲಿತ್ತು. "ನನ್ನ ಕೈಲೆ ಅವನು ಎಂದೂ ಹೊಡಸ್ಕೊಂಡಿದ್ದಿಲ್ರಿ."

"ಮಾಳವ್ವ ಯಾಕ ಬಂದಿಲ್ಲ?"

"ಆಕಿ ಕೈಯಾಗ ಬೊಕ್ಕಿ ಎದ್ದಾವ್ರಿ. ರೊಟ್ಟಿ ಬಡಿಯಾಕ ಬರವಲ್ದು."

ಸೂಜಿ ನನ್ನ ಕೈಯಲ್ಲೇ ನಿಂತಿತು. ನಾಯಿಯ ಕಾಲು ತೊಳೆದವಳು ಮಾಳವ್ವ. ಬೂಟು ತೊಳೆದವಳು ಮಾಳವ್ವ. ಕೇಳಬೇಕಾದ ಪ್ರಶ್ನೆಯನ್ನು ಆ ಹೊತ್ತಿಗೆ ಕೇಳಿದೆ. ಮೂರು ವಾರ ತಡವಾಗಿ.

"ಬೀರಪ್ಪ, ಎಲ್ಲಿ ನೀರಿನಾಗ ತೊಳೀತಾರ ಆಕಿ?"

"ಅಲ್ಲೇ ಸಣ್ಣ ಖಣ್ಯಾಗ್ರಿ. ಕುರಿ ಕುಡಿಯೋದು ದೊಡ್ಡ ಖಣ್ಯಾಗ. ಅದನ್ನ ಹೊಲಸು ಮಾಡಬಾರ್ದಂತ ಆಕಿ ತೊಳಿಯೋದೆಲ್ಲ ಸಣ್ಣದರಾಗ."

ಅವನ ಜೊತೆಗೇ ಹೊರಟೆ. ಬಿಸಿಲೇರಿದ್ದರೂ ಮಂಜು ಪೂರ್ತಿ ಬಿಟ್ಟಿರಲಿಲ್ಲ. ಕೊಯ್ದು ಬರಿದಾದ ತೊಗರಿ ಹೊಲಗಳನ್ನು ದಾಟಿ, ದಾರಿ ಎರಡಾಗುವಲ್ಲಿ ನಿಲ್ಲಿಸಿದ್ದ ಹಾಸುಗಲ್ಲಿನ ಹತ್ತಿರ ಕಾಳ್ಯಾ ಕೂತಿದ್ದ. ನನ್ನನ್ನು ನೋಡಿ ಬಾಲ ಅಲ್ಲಾಡಿಸಿದ. ಆದರೆ ನಾನು ಕಲ್ಲು ದಾಟಿ ಕಾಲಿಟ್ಟ ಕೂಡಲೇ ಎದ್ದುನಿಂತು ಗುರುಗುಟ್ಟಿದ. ಆ ಗುರುಗುಟ್ಟುವಿಕೆಯಲ್ಲಿ ಸಿಟ್ಟಿರಲಿಲ್ಲ. ಬೀರಪ್ಪ ಅವನ ತಲೆಯ ಮೇಲೆ ಕೈಯಿಟ್ಟುಕೊಂಡು ಅಲ್ಲೇ ಉಳಿದ.

ಖಣಿಯ ಬಳಿ ಒಂದು ಹಕ್ಕಿಯೂ ಇರಲಿಲ್ಲ. ನೀರಿದ್ದಲ್ಲಿ ಕೊಕ್ಕರೆಯಾದರೂ ಇರಬೇಕು. ಅಂಚಿನ ಹುಲ್ಲು ಸುಟ್ಟಂತೆ ಕಂದಿ, ಅದರ ಬುಡದಲ್ಲಿ ಉಪ್ಪು ಚೆಲ್ಲಿದ ಹಾಗೆ ಬೆಳ್ಳನೆಯ ಪೊರೆ ಕಟ್ಟಿತ್ತು. ದಾರಿಯುದ್ದಕ್ಕೂ ಅದೇ ಪೊರೆ. ಮುಂಜಾನೆಯ ಇಬ್ಬನಿಗೆ ತೋಯ್ದು ಜಿಗುಟಾಗಿತ್ತು. ಅದನ್ನೇ ತುಳಿದುಕೊಂಡು ನಾಯಿಗಳು ದಿನಾ ಓಡಾಡಿದ್ದವು. ಪಕ್ಕದಲ್ಲಿ ದೊಡ್ಡ ಗಾಡಿಯ ಗಾಲಿ ಮೂಡಿಸಿದ ಹಳ್ಳಗಳಿದ್ದವು.

ಮಾಳವ್ವ ಬೂಟು ತೊಳೆಯುವ ಕಲ್ಲಿನ ಮೇಲೆ ಕೂತು ನೀರಿಗೆ ಎರಡು ಬೆರಳು ಅದ್ದಿದೆ. ಸಾಬೂನಿನ ನೀರಿನಂತೆ ಜಾರಿತು. ಹಿಂದೊಮ್ಮೆ ಮಾಳವ್ವ ಹೇಳಿದ್ದು ನೆನಪಾಯಿತು. "ಆ ನೀರಿಗಿ ಸಾಬಾನೇ ಬೇಕಿಲ್ರಿ, ಕೊಳಿ ತಂತಾನೇ ಬಿಡತಾದ." ಅದನ್ನು ಕೇಳಿ ನಾನು ನಕ್ಕಿದ್ದೆ. ದನದ ಮೂತ್ರ ಪರೀಕ್ಷೆಗೆಂದು ಚೀಲದಲ್ಲಿಟ್ಟುಕೊಂಡಿದ್ದ ಪಟ್ಟಿಯನ್ನು ಅದ್ದಿದೆ. ಕ್ಷಾರ ತೋರಿಸುವ ಚೌಕ ಕಡುನೀಲಿಗೆ ತಿರುಗಿತು. ಡಬ್ಬಿಯ ಮೇಲೆ ಛಾಪಿಸಿದ ಬಣ್ಣಗಳಲ್ಲಿ ಕೊನೆಯದಕ್ಕಿಂತಲೂ ಅದು ಕಪ್ಪಾಗಿತ್ತು. ಬೆರಳ ತುದಿ ಆಗಲೇ ಉರಿಯುತ್ತಿತ್ತು.

ಚಳಿಯಿಂದ ಕಾಪಾಡಲೆಂದು ನಾನು ಬರೆದುಕೊಟ್ಟ ಮದ್ದು ಅದು. ದಿನಕ್ಕೆ ಎರಡು ಸಲ, ತಪ್ಪದೆ.

ಅಲ್ಲಿ ನಿಂತಿರುವಾಗಲೇ ಟ್ಯಾಂಕರ್ ಬಂತು. ಹಿಂದುಮುಂದಾಗಿ ಬಂದು ಖಣಿಯ ಅಂಚಿಗೆ ನಿಂತಾಗ ಡ್ರೈವರ್ ನನ್ನನ್ನು ಕಂಡ. ಮೈಮೇಲೆ ಹೆಸರಿಲ್ಲದ ಗಾಡಿ. ನಂಬರಿನ ಮೇಲೆ ಕೆಸರು ಮೆತ್ತಿತ್ತು.

"ಏನ್ರಿ ಇದು? ಏನು ಬಿಡಾಕ ಹತ್ತೀರಿ ಇಲ್ಲಿ?"

"ಏನಿಲ್ರಿ ಮೇಡಂ, ಬರೀ ತೊಳದ ನೀರು," ಅಂದ. ಅವನ ಕೈಗೆ ಮೊಳಕೈಯವರೆಗೆ ರಬ್ಬರ್ ಗವಸು, ಕಾಲಿಗೆ ಮೊಣಕಾಲುದ್ದದ ಬೂಟು. ನಾನು ಅವನ್ನೇ ನೋಡುತ್ತಿರುವುದನ್ನು ಕಂಡು ಕೈ ಹಿಂದಕ್ಕೆ ಮಾಡಿಕೊಂಡ. ಆವತ್ತು ಸುರಿಯದೆ ಗಾಡಿ ತಿರುಗಿಸಿಕೊಂಡು ಹೋದ.

ಬೀರಪ್ಪನಿಗೂ ಊರಿನ ಉಳಿದ ಕುರಿಯವರಿಗೂ ಸಣ್ಣ ಖಣಿಯ ಕಡೆ ಹೋಗಬೇಡಿರೆಂದು ಅಂದೇ ಹೇಳಿದೆ. ಮಾಳವ್ವನನ್ನು ಸ್ಕೂಟಿಯ ಮೇಲೆ ಕೂರಿಸಿಕೊಂಡು ತಾಂಡೂರಿಗೆ ಕರೆದೊಯ್ದು ಡಾಕ್ಟರಿಗೆ ತೋರಿಸಿದೆ. ಎರಡೂ ಅಂಗೈಯ ಬೊಬ್ಬೆ ಒಡೆದು ಬೆರಳ ತುದಿಯ ತೊಗಲು ಪೂರ್ತಿ ಹೋಗಿತ್ತು. ಪಟ್ಟಿ ಸುತ್ತುವಾಗ ಆಕೆ ಹಲ್ಲು ಕಚ್ಚಿ ಕೂತಿದ್ದಳು. ನನ್ನಿಂದಲೇ ಹೀಗಾಯಿತೆಂದು ಹೇಳಿದೆ. ಆಕೆ ಬೈದಿದ್ದರೆ ಒಳ್ಳೆಯದಿತ್ತು.

ಮರುದಿನ ಮಧ್ಯಾಹ್ನ ದವಾಖಾನೆಗೆ ಒಬ್ಬ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆತ್ತಗಿನ ಮಾತು. ಕುರ್ಚಿ ಎಳೆದುಕೊಂಡು ಕೂತ. ಅವನ ಜೊತೆ ಯಾವ ಪ್ರಾಣಿಯೂ ಇರಲಿಲ್ಲ.

"ಮೇಡಂ ನಾಯಿಗೋಳಿಗಿ ಬೂಟು ಮಾಡ್ಯಾರಂತ ಕೇಳ್ದೆ. ಭಾಳ ಛಲೋ ಕೆಲಸ ಮಾಡೀರಿ ನೋಡ್ರಿ."

"ನಿಮಗ ಏನಾಗಬೇಕಿತ್ತು?"

"ಏನಿಲ್ರಿ, ಹಂಗೇ ಬಂದೆ. ಮಂಜಿನಾಗ ಸ್ಕೂಟಿ ಮ್ಯಾಲ ಒಬ್ಬರೇ ಓಡಾಡ್ತೀರಿ. ಜರಾ ನೋಡ್ಕೊಂಡ್ ಹೋಗ್ರಿ, ಎದುರಿಗಿ ದೊಡ್ಡ ದೊಡ್ಡ ಗಾಡಿ ಬರ್ತಾವ." ಬೇವಿನ ಮರದ ಕಡೆ ನೋಡುತ್ತ, ಮನೆಮಂದಿಯ ಕ್ಷೇಮ ವಿಚಾರಿಸುವವನಂತೆ ಕೇಳಿದ. "ಜಹೀರಾಬಾದಿನಾಗ ನಿಮ್ಮ ತಾಯೋರು ಒಬ್ಬರೇ ಇರ್ತಾರಂತಲ್ರಿ? ಆರಾಮ ಇದ್ದಾರ?"

ತರಿಸಿದ್ದ ಚಹಾ ಕುಡಿಯದೆ ಎದ್ದುಹೋದ. ಟ್ಯಾಂಕರಿನ ಬಗ್ಗೆ ಹಿಂದಿನ ರಾತ್ರಿ ಬರೆದಿಟ್ಟಿದ್ದ ದೂರಿನ ಕಾಗದ ಮೇಜಿನ ಖಾನೆಯಲ್ಲಿತ್ತು. ಅದನ್ನು ಅವತ್ತು ಕಳಿಸಲಿಲ್ಲ. ಮರುದಿನವೂ ಕಳಿಸಲಿಲ್ಲ. ನೀರಿನ ಪರೀಕ್ಷೆ ಸರಿಯಾಗಿ ಆಗಲಿ, ಆಮೇಲೆ ಕಳಿಸಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಕುರಿಯವರಿಗೆ ಎಚ್ಚರಿಕೆ ಕೊಟ್ಟಾಗಿದೆಯಲ್ಲ ಎಂದೂ ಹೇಳಿಕೊಂಡೆ. ದಿನಾ ಸಂಜೆ ಅವ್ವನಿಗೆ ಫೋನ್ ಮಾಡಿ ಬಾಗಿಲು ಹಾಕಿಕೊಂಡಿದ್ದೀಯಾ ಎಂದು ಕೇಳುತ್ತಿದ್ದೆ. ಹೀಗೆ ನಾಲ್ಕು ದಿನ ಕಳೆದೆ.

ಐದನೆಯ ದಿನ ಮುಂಜಾನೆ ಬೀರಪ್ಪ ದವಾಖಾನೆಯ ಮುಂದೆ ನೆಲದ ಮೇಲೆ ಕೂತಿದ್ದ.

"ಹನ್ನೊಂದು ಹೋದವ್ರಿ."

"ಸಣ್ಣ ಖಣಿಗಿ ಹೋಗಬ್ಯಾಡಂತ ಹೇಳಿದ್ನಲ್ಲ ಬೀರಪ್ಪ!"

"ಅಲ್ಲಿಗಿ ಹೋಗಿಲ್ರಿ. ದೊಡ್ಡ ಖಣ್ಯಾಗ ಕುಡದಾವ. ಅವರು ಈಗ ಅದರಾಗ ಬಿಡಾಕ ಹತ್ಯಾರ."

ಖಣಿಯ ಅಂಚಿನಲ್ಲಿ ಕುರಿಗಳು ಕುತ್ತಿಗೆ ಚಾಚಿಕೊಂಡು ಬಿದ್ದಿದ್ದವು. ಬಾಯಿಯ ಒಳಗೆಲ್ಲ ಬೆಂದಿತ್ತು. ಟ್ಯಾಂಕರು ಹೊಸದಾಗಿ ಸುರಿದ ಜಾಗದಲ್ಲೇ, ಮಂದೆ ನೀರಿಗಿಳಿಯುವ ಇಳಿಜಾರಿನ ಬುಡದಲ್ಲೇ, ಅವು ಕುಡಿದಿದ್ದವು. ಕಾಳ್ಯಾ ಅವುಗಳ ನಡುವೆ ಏದುಸಿರು ಬಿಡುತ್ತ ಮಲಗಿದ್ದ. ಅವನು ಅಡ್ಡ ನಿಂತು ಬೊಗಳಿದ್ದನಂತೆ, ಒಂದೆರಡನ್ನು ಕಿವಿ ಹಿಡಿದು ಎಳೆದೂ ಇದ್ದನಂತೆ. ಬೀರಪ್ಪ ಹೊಲದಾಚೆಯಿಂದ ಓಡಿ ಬರುವಷ್ಟರಲ್ಲಿ ಮುಂದಿದ್ದವು ಕುಡಿದಾಗಿತ್ತು. ಉಳಿದ ಮಂದೆಯನ್ನು ಕಾಳ್ಯಾ ಹಿಂದಕ್ಕೆ ತಳ್ಳಿದ್ದ. ಹಾಗೆ ತಳ್ಳುವಾಗ ನೀರಿಗೆ ಇಳಿದಿದ್ದ.

ಆ ಮಧ್ಯಾಹ್ನ ದೂರು ಕಳಿಸಿದೆ. ಫೋಟೋಗಳನ್ನು, ಪಟ್ಟಿಯ ಬಣ್ಣವನ್ನು, ಮಾಳವ್ವನ ಕೈಯನ್ನು, ಎಲ್ಲವನ್ನೂ ಜಿಲ್ಲೆಗೆ ಕಳಿಸಿ ಅವ್ವನಿಗೆ ಫೋನ್ ಮಾಡಿದೆ. ಕೆಲವು ದಿನ ಝರಾಸಂಗಂನ ಮಾವನ ಮನೆಗೆ ಹೋಗಿರು ಎಂದೆ. ಯಾಕೆಂದು ಕೇಳಿದಳು. ಹೇಳಿದೆ. "ನಾಕು ದಿನ ನನ್ನ ಸಲುವಾಗಿ ಸುಮ್ಮನಿದ್ದೇನು ನೀ?" ಎಂದವಳೇ ಫೋನ್ ಇಟ್ಟುಬಿಟ್ಟಳು.

ಅಧಿಕಾರಿಗಳು ಬರಲು ಎರಡು ದಿನ ಬೇಕಾಯಿತು. ಮಾಳವ್ವ ಅಷ್ಟು ದಿನ ಕಾಯಲಿಲ್ಲ. ಮರುದಿನ ಬೆಳಗಾಗುತ್ತಲೇ ಉಳಿದ ಮಂದೆಯನ್ನೆಲ್ಲ ಹೊಡೆದುಕೊಂಡು ಹೋಗಿ ಖಣಿಯ ದಾರಿಯ ನಡುವೆ ನಿಲ್ಲಿಸಿದಳು. ಊರಿನ ಕುರಿಯವರೆಲ್ಲ ಅವಳ ಹಿಂದೆ ಹೋದರು. ನಾನು ತಲುಪುವ ಹೊತ್ತಿಗೆ ಮಂಜಿನಲ್ಲಿ ಇನ್ನೂರು ಮುನ್ನೂರು ಕುರಿ ಕೂತಿದ್ದವು. ಪಟ್ಟಿ ಸುತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಮಾಳವ್ವ ಎಲ್ಲರಿಗಿಂತ ಮುಂದೆ, ಬರೀ ನೆಲದ ಮೇಲೆ ಕೂತಿದ್ದಳು. ಅವಳ ಪಕ್ಕ ಕಾಳ್ಯಾನನ್ನು ಕಂಬಳಿಯ ಮೇಲೆ ಮಲಗಿಸಿದ್ದರು. ನಾನೂ ಹೋಗಿ ಕೂತೆ.

ಮೊದಲು ಸದ್ದು ಕೇಳಿಸಿತು. ಆಮೇಲೆ ಮಂಜಿನೊಳಗಿಂದ ಎರಡು ಹಳದಿ ದೀಪ. ಟ್ಯಾಂಕರ್ ಹಾರ್ನ್ ಹೊಡೆಯುತ್ತಲೇ ಬಂತು. ಕುರಿಗಳು ಬೆದರಿ ಎದ್ದವು, ಗಂಡಸರು ಹಿಡಿದು ನಿಲ್ಲಿಸಿದರು. ಗಾಡಿ ನಿಲ್ಲಲಿಲ್ಲ. ನನ್ನ ಕಾಲು ತಾನಾಗಿಯೇ ಎದ್ದು ಓಡಲು ಹೊರಟಿತ್ತು. ಮಾಳವ್ವ ಪಟ್ಟಿಯ ಕೈಯನ್ನು ನನ್ನ ಮೊಣಕಾಲ ಮೇಲಿಟ್ಟಳು.

"ಕುಂದರ್ರಿ."

ಎಂಜಿನ್ನಿನ ಬಿಸಿ ಮುಖಕ್ಕೆ ತಾಗುವಷ್ಟು ಹತ್ತಿರ ಬಂದು ಗಾಡಿ ನಿಂತಿತು. ಅದೇ ಡ್ರೈವರ್ ಮೇಲಿನಿಂದ ನಮ್ಮನ್ನು ನೋಡಿದ. ಮಾಳವ್ವ ಎರಡೂ ಕೈ ಎತ್ತಿ ತೋರಿಸಿದಳು, ಅಷ್ಟೆ. ಅವನು ಆ ಕೈಗಳನ್ನು ನೋಡಿ ಗೇರ್ ಬದಲಿಸಿದ. ಹಿಂದಕ್ಕೆ ಸರಿದ ದೀಪಗಳು ಮಂಜಿನಲ್ಲಿ ಕರಗಿದವು.

ಅಧಿಕಾರಿಗಳು ಬಂದರು, ಸೀಸೆಗಳಲ್ಲಿ ನೀರು ತುಂಬಿಕೊಂಡರು, ಖಣಿಗೆ ತಂತಿ ಬೇಲಿ ಹಾಕಿಸಿದರು. ಟ್ಯಾಂಕರ್ ಮತ್ತೆ ಆ ದಾರಿಗೆ ಬರಲಿಲ್ಲ. ಎಲ್ಲಿಂದ ಬರುತ್ತಿತ್ತು, ಯಾರು ಕಳಿಸುತ್ತಿದ್ದರು ಎಂಬುದು ಕೊನೆಗೂ ಗೊತ್ತಾಗಲಿಲ್ಲ. ಅದು ಈಗ ಇನ್ನಾವುದೋ ಊರಿನ ಖಣಿಗೆ ಹೋಗುತ್ತಿರಬಹುದೆಂಬ ಯೋಚನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಕಾಳ್ಯಾ ಸಂಕ್ರಾಂತಿಗೆ ಮೂರು ದಿನ ಮೊದಲು ಹೋದ. ನೆಕ್ಕಿದ್ದೆಲ್ಲ ಹೊಟ್ಟೆಗೆ ಸೇರಿ ಒಳಗೆ ಸುಟ್ಟಿತ್ತು; ನನ್ನ ಕೈಯಲ್ಲಿದ್ದ ಯಾವ ಔಷಧಿಗೂ ಅದು ಬಗ್ಗಲಿಲ್ಲ. ಬೀರಪ್ಪ ಹೊಲದ ಬದುವಿನಲ್ಲಿ ಗುಂಡಿ ತೋಡಿದ. ಮಣ್ಣು ಮುಚ್ಚುವ ಮೊದಲು ಕೆಳಗಿಳಿದು ನಾಯಿಯ ನಾಲ್ಕೂ ಕಾಲಿನ ಪಟ್ಟಿ ಬಿಚ್ಚಿದ. "ಹಿಂಗ ಕಟ್ಕೊಂಡು ಹ್ಯಾಂಗ ಓಡ್ತಾನ್ರಿ," ಅಂದ.

ಬೇಸಿಗೆಯಲ್ಲಿ ನನಗೆ ನಾರಾಯಣಖೇಡಕ್ಕೆ ವರ್ಗವಾಯಿತು. ಹೊರಡುವ ಹಿಂದಿನ ದಿನ ಹೇಳಿಹೋಗಲೆಂದು ಬಂದಾಗ ಮಾಳವ್ವ ಮನೆಯಲ್ಲಿರಲಿಲ್ಲ, ರೇಷನ್ ಅಂಗಡಿಯಲ್ಲಿದ್ದಳು. ಕೈ ವಾಸಿಯಾಗಿತ್ತು. ಹೊಸ ತೊಗಲು ಗುಲಾಬಿ ಬಣ್ಣಕ್ಕೆ, ಎಳೆಕೂಸಿನದರಂತೆ ನುಣ್ಣಗೆ ಬಂದಿತ್ತು. ಆಕೆ ಮಶೀನಿನ ಮೇಲೆ ಹೆಬ್ಬೆರಳು ಒತ್ತಿದಳು. ಅದು ಕೀ ಎಂದು ಬೇಡವೆಂದಿತು. ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತಿದಳು. ತೋರುಬೆರಳು ಒತ್ತಿದಳು. ಹತ್ತೂ ಬೆರಳು ಆದವು.

"ಗೀಟೇ ಇಲ್ಲಲ್ಲ ಯವ್ವ ನಿನ್ನ ಬೆರಳಿಗಿ," ಅಂಗಡಿಯವನು ಅವಳ ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ. "ನೀ ಯಾರಂತ ಈ ಮಶೀನಿಗಿ ಹ್ಯಾಂಗ ಗೊತ್ತಾಗಬೇಕು?"

ಸಾಲಿನಲ್ಲಿ ಯಾರೋ ನಕ್ಕರು. ಹಿಂದೆ ನಿಂತಿದ್ದ ನನಗೆ ನೆಲ ಬಾಯಿಬಿಡಬಾರದೇ ಅನಿಸಿತು. ಅಂಗಡಿಯವನು ಒಳಗಿನಿಂದ ಕಣ್ಣು ನೋಡಿ ಗುರುತು ಹಿಡಿಯುವ ಇನ್ನೊಂದು ಯಂತ್ರ ತಂದು ಅವಳ ಮುಖದ ಮುಂದೆ ಹಿಡಿದ. ಮಾಳವ್ವ ಕಣ್ಣಗಲಿಸಿ, ರೆಪ್ಪೆ ಬಡಿಯದೆ, ಅದನ್ನು ದಿಟ್ಟಿಸಿದಳು. ಕಣ್ಣಲ್ಲಿ ನೀರು ತುಂಬಿದರೂ ಅಲ್ಲಾಡಲಿಲ್ಲ. ಯಂತ್ರ ಒಪ್ಪಿಕೊಂಡಿತು.

ಅಕ್ಕಿಯ ಚೀಲವನ್ನು ಆಕೆ ಎತ್ತಿಕೊಳ್ಳಲು ಬಾಗಿದಾಗ ನಾನು ಮುಂದೆ ಹೋಗಿ ಹಿಡಿದುಕೊಂಡೆ. ಆಗಲೇ ನನ್ನನ್ನು ಕಂಡದ್ದು ಅವಳು. ನಾನು ಅವಳ ಬೆರಳುಗಳನ್ನೇ ನೋಡುತ್ತಿದ್ದೆ.

"ಯಾಕ ಅಳ್ತೀರಿ ಅಕ್ಕಾರ," ಅಂದಳು. "ಕಣ್ಣು ಉಳದಾವಲ್ರಿ."

ಚೀಲದ ಒಂದು ಕಡೆ ಅವಳು, ಒಂದು ಕಡೆ ನಾನು ಹಿಡಿದು ಮನೆಯ ತನಕ ನಡೆದೆವು.